ಒಲೆ ಹಚ್ಚದ ಮನೆಯ ಎಣಿಕೆ

ಸಮೀಕ್ಷೆಯ ಕೆಲಸಕ್ಕೆ ಸೇರಿದ ಮೊದಲ ದಿನ ನಿಮ್ಮ ಕೈಗೆ ಒಂದು ಕೈಪಿಡಿ ಕೊಡುತ್ತಾರೆ. ಕುಟುಂಬ ಎಂದರೆ ಯಾರು ಎಂಬುದು ಅದರ ಮೊದಲ ಪುಟಗಳಲ್ಲೇ ಇರುತ್ತದೆ: ಸಾಮಾನ್ಯವಾಗಿ ಒಟ್ಟಿಗೆ ಇದ್ದು, ಒಂದೇ ಒಲೆಯ ಅಡುಗೆ ಉಣ್ಣುವವರು. ಈ ವಾಕ್ಯವನ್ನು ನಾನು ಬಹಳ ವರ್ಷ ಹೊಸಬರಿಗೆ ಪಾಠ ಹೇಳಿದ್ದೇನೆ. ‘ಸಾಮಾನ್ಯವಾಗಿ’ ಎಂಬಲ್ಲಿ ನಿಲ್ಲಿಸಿ, ಒತ್ತಿ ಹೇಳುತ್ತಿದ್ದೆ ಎಂದು ನನ್ನ ನೆನಪು. ನಿಜಕ್ಕೂ ಒತ್ತಿ ಹೇಳುತ್ತಿದ್ದೆನೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ.

ನಾನು ಕೆಲಸ ಮಾಡಿದ ಸಂಶೋಧನಾ ಸಂಸ್ಥೆಯ ಈಗಿನವರು, ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಹಂಚಲು ಏನಾದರೂ ಬರೆದುಕೊಡಿ ಎಂದು ಕೇಳಿದ್ದಾರೆ. “ಓದಿದ್ರೆ ಸ್ಫೂರ್ತಿ ಬರೋ ಹಾಗಿರ್ಲಿ ಮೇಡಂ” ಎಂದರು. ಅದು ನನ್ನಿಂದ ಆಗುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬರೆದದ್ದನ್ನು ಅವರು ಹಂಚುತ್ತಾರೋ ಬಿಡುತ್ತಾರೋ ಅವರಿಗೆ ಸೇರಿದ್ದು.

ಒಂದು ಮಾತು ಮೊದಲೇ ತಿಳಿಸಿಬಿಡುತ್ತೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದರು. ಪ್ರತಿ ಹೊಸ ವರ್ಷಕ್ಕೆ ಕಾರ್ಖಾನೆಯಿಂದ ಸಿಗುತ್ತಿದ್ದ ಡೈರಿ ನನ್ನ ಪಾಲಿಗೆ ಬರುತ್ತಿತ್ತು. ಹೈಸ್ಕೂಲಿನಿಂದ ಶುರುವಾದ ದಿನಚರಿಯ ಅಭ್ಯಾಸ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುವಾಗಲೂ, ಆಮೇಲೆ ಕೆಲಸದಲ್ಲೂ ಬಿಡಲಿಲ್ಲ. ಇಲ್ಲಿ ಹೇಳುವ ಬಹಳಷ್ಟು ಸಂಗತಿಗಳನ್ನು ದಿನಚರಿಯೊಂದಿಗೆ ತಾಳೆ ನೋಡಿದ್ದೇನೆ. ತಾಳೆಯಾಗದ ಕಡೆ ಅದನ್ನೂ ಹೇಳುತ್ತೇನೆ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಎರಡು ಸಾವಿರದ ಆಚೀಚೆ ನಮ್ಮ ಸಂಸ್ಥೆಗೆ ಪೀಣ್ಯದ ಕಾರ್ಮಿಕರ ಬಗ್ಗೆ ಒಂದು ಅಧ್ಯಯನ ಬಂತು. ನಾನು ಸೂಪರ್‌ವೈಸರ್. ತನಿಖೆಗಾರರು ಮನೆಮನೆಗೆ ಹೋಗಿ ಫಾರಂ ತುಂಬುವರು, ನಾನು ಅದೇ ದಿನ ಒಂದೊಂದನ್ನೂ ಓದಿ, ತಪ್ಪಿದ್ದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ, ಡೇಟಾ ಎಂಟ್ರಿಗೆ ಕಳಿಸುವುದು. ಆಳು ಕಡಿಮೆಯಾದ ದಿನ ನಾನೇ ಫಾರಂ ಹಿಡಿದು ಹೋಗುತ್ತಿದ್ದೆ. ಹಾಗೆ ಹೋದ ಒಂದು ದಿನ, ತಗಡು ಒತ್ತುವ ಪ್ರೆಸ್ ಷಾಪಿನ ಗೇಟಿನೆದುರು ಟೀ ಕುಡಿಯುತ್ತಿದ್ದ ಒಬ್ಬರನ್ನು ಕೇಳಿದೆ: “ನಿಮ್ಮ ಕೆಲಸದ ಬಗ್ಗೆ ನಿಮಗೆಷ್ಟು ತೃಪ್ತಿ ಇದೆ? ಬಹಳ ತೃಪ್ತಿ, ತೃಪ್ತಿ, ಎರಡೂ ಅಲ್ಲ, ಅತೃಪ್ತಿ, ಬಹಳ ಅತೃಪ್ತಿ. ಇದ್ರಲ್ಲಿ ಒಂದು ಹೇಳಿ.”

ಅವರು ಟೀ ಲೋಟ ಹಿಡಿದಿದ್ದ ಕೈಯನ್ನೇ ಸ್ವಲ್ಪ ಮೇಲೆತ್ತಿದರು. ತೋರುಬೆರಳೂ ಮಧ್ಯದ ಬೆರಳೂ ಗೆಣ್ಣಿನವರೆಗೆ ಇರಲಿಲ್ಲ.

“ಯಾವಾಗಿಂದು ಹೇಳ್ಲಿ ಮೇಡಂ? ಬೆರಳು ಹೋಗಕ್ ಮುಂಚೆದಾ, ಆಮೇಲಿಂದಾ?”

ಪಕ್ಕದಲ್ಲಿದ್ದವನೊಬ್ಬ ನಕ್ಕ. “ಏ ಎರಡೂ ಸೇರ್ಸಿ ಆ್ಯವರೇಜ್ ಹೇಳು ಗುರು, ಮೇಡಂಗೆ ಲೇಟಾಗುತ್ತೆ.”

ನಾನು ‘ಎರಡೂ ಅಲ್ಲ’ ಎಂದು ಗುರುತು ಹಾಕಿದೆ. ಇದು ದಿನಚರಿಯಲ್ಲಿದೆ. ಅದರ ಕೆಳಗೆ ‘ಇವತ್ತು ಫಾರಂಗಳು ಎಲ್ಲ ಮುಗಿದವು, ಸಮಾಧಾನ’ ಎಂದೂ ಇದೆ.

ಹಾಗೆಂದು ಎಣಿಸುವುದೇ ತಪ್ಪು ಎಂದು ಹೇಳುವ ಗುಂಪಿಗೆ ನಾನು ಸೇರಿದವಳಲ್ಲ. ಅದೇ ಪೀಣ್ಯದ ಹಿಂಬದಿಯ ಕೇರಿಗಳಲ್ಲಿ ಹೆಂಗಸರನ್ನು “ಏನು ಕೆಲಸ ಮಾಡ್ತೀರಿ?” ಎಂದರೆ, “ಏನಿಲ್ಲ, ಮನೇಲೇ ಇರ್ತೀನಿ” ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಎದುರು ಹಲಗೆಯ ಮೇಲೆ ಅಗರಬತ್ತಿ ಹೊಸೆದದ್ದು ಸಾಲಾಗಿ ಒಣಗುತ್ತಿರುತ್ತಿತ್ತು. ಪ್ರಶ್ನೆಯನ್ನು ಬದಲಿಸಿ, “ಬೆಳಗ್ಗೆಯಿಂದ ಏನೇನು ಮಾಡಿದ್ರಿ?” ಎಂದು ಕೇಳಲು ಶುರು ಮಾಡಿದ ಮೇಲೆ ಆ ಕೆಲಸ ಕೋಷ್ಟಕದಲ್ಲಿ ಕಾಣಿಸಿಕೊಂಡಿತು. ಸಭೆಯೊಂದರಲ್ಲಿ ಅಧಿಕಾರಿಯೊಬ್ಬರು ಆ ಕೋಷ್ಟಕದ ಮೇಲೆ ಬೆರಳಿಟ್ಟು, “ಇಷ್ಟೊಂದು ಜನಾನಾ?” ಎಂದದ್ದನ್ನು ನಾನು ನೋಡಿದೆ. ಎಂ.ಎ.ಯಲ್ಲಿ ನಮ್ಮ ಮೇಷ್ಟರು ಪಾಠ ಮಾಡಿದ್ದು ನಿಜ, ಸಂಖ್ಯೆ ಬಾಯಿಲ್ಲದವರಿಗೆ ಬಾಯಾಗುತ್ತದೆ ಎಂದು ಆ ದಿನ ನಂಬಿದೆ. ಆ ನಂಬಿಕೆ ಎಷ್ಟು ವರ್ಷ ಇತ್ತು ಎಂದು ಎಣಿಸಲು ಹೋಗುವುದಿಲ್ಲ.

ನಮ್ಮ ತಂಡದಲ್ಲಿ ನಾಗರಾಜು ಎಂಬ ತನಿಖೆಗಾರನಿದ್ದ. ಮಹದೇವಪುರದ ಹಳೆಯ ಊರಿನವನು, ಬಿ.ಎ. ಓದಿದವನು. ಟೆಕ್ ಪಾರ್ಕುಗಳು ಬರುವ ಮುಂಚಿನಿಂದಲೂ ಅವನ ಮನೆಯವರು ಅಲ್ಲಿದ್ದರು. ಅಕ್ಷರ ಮುತ್ತಿನಂತೆ. ಆದರೆ ಅವನಿಗೆ ಒಂದು ಚಟ. ಫಾರಂನ ಅಂಚಿನಲ್ಲಿ ಬರೆಯುತ್ತಿದ್ದ. ಚೌಕದೊಳಗೆ ಕೋಡ್ ಹಾಕಿ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ‘ಹೀಗೆ ಹೇಳುವಾಗ ಅತ್ತೆ ಎದುರಿಗಿದ್ದರು’ ಎಂದೋ, ‘ಮೊದಲು ಇಲ್ಲ ಎಂದರು, ನಾನು ಎದ್ದು ಹೊರಟಾಗ ಹೌದು ಎಂದರು’ ಎಂದೋ.

ಒಮ್ಮೆ ಗಾರ್ಮೆಂಟ್ಸಿಗೆ ಹೋಗುವ ಐವರು ಹುಡುಗಿಯರು ಒಂದೇ ಕೋಣೆಯಲ್ಲಿದ್ದರು. ಬೇರೆ ಬೇರೆ ಊರಿನವರು, ಒಂದೇ ಸ್ಟವ್. ಕೈಪಿಡಿಯ ಪ್ರಕಾರ ಒಂದು ಕುಟುಂಬ. ಹಾಗಾದರೆ ಯಜಮಾನರು ಯಾರು? ನಾಗರಾಜು ಕೇಳಿದ್ದಕ್ಕೆ ಐವರೂ ಬಿದ್ದು ಬಿದ್ದು ನಕ್ಕರಂತೆ. “ಇವತ್ತು ಪಾತ್ರೆ ತೊಳೆಯೋ ಸರದಿ ಇವಳ್ದು ಅಣ್ಣ, ಇವಳನ್ನ ಬಿಟ್ಟು ಯಾರ್ನಾದ್ರೂ ಬರ್ಕೊಳಿ” ಎಂದರಂತೆ. ಅದನ್ನೂ ಅಂಚಿನಲ್ಲಿ ಬರೆದುಕೊಂಡು ಬಂದಿದ್ದ.

ನಮ್ಮ ಯೋಜನೆಗಳ ನಿರ್ದೇಶಕರಾಗಿದ್ದ ಪ್ರೊಫೆಸರ್ ಆ ಫಾರಂ ನೋಡಿ ಅವನನ್ನು ಕರೆಸಿದರು. ಅವರು ಕೆಟ್ಟವರಲ್ಲ. ಸಂಖ್ಯೆಯ ಬಗ್ಗೆ ಅವರಿಗಿದ್ದ ನಿಷ್ಠೆ ಅಪ್ಪಟವಾದದ್ದು. ಒಂದು ಕೋಷ್ಟಕದಲ್ಲಿ ಮೊತ್ತ ಒಂದು ಹೆಚ್ಚು ಕಡಿಮೆಯಾದರೆ ಊಟ ಬಿಡುತ್ತಿದ್ದರು.

“ನಾಗರಾಜ್, ಅಂಚಿನಲ್ಲಿ ಬರೆಯೋದು ಡೇಟಾ ಅಲ್ಲಪ್ಪ. ಕಥೆ. ಕಥೆ ಬರೀಬೇಕು ಅಂದ್ರೆ ಭಾನುವಾರ ಮನೇಲಿ ಬರಿ.”

“ಸರ್, ಕೋಡ್‌ನಲ್ಲಿ ಹಿಡಿಯಲ್ಲ ಅಂತ ಬರ್ದೆ.”

“ಕಂಪ್ಯೂಟರ್‌ಗೆ ಅಂಚು ಅನ್ನೋದೇ ಇಲ್ಲಪ್ಪ. ನೀನು ಬರೆದಿದ್ದು ಎಲ್ಲಿಗೆ ಹೋಗುತ್ತೆ ಹೇಳು?”

ನಾಗರಾಜು ನನ್ನ ಕಡೆ ನೋಡಿದ. ಪ್ರೊಫೆಸರ್ ಹೇಳಿದ್ದು ತಾಂತ್ರಿಕವಾಗಿ ಸರಿ ಇತ್ತು. ಅಂದಿನಿಂದ ಅವನ ಪೆನ್ಸಿಲ್ ಅಕ್ಷರಗಳನ್ನು ಹೊಡೆದುಹಾಕುವ ಕೆಲಸ ನನ್ನದಾಯಿತು. ಎಂಟ್ರಿ ಮಾಡುವವರಿಗೆ ಗೊಂದಲವಾಗಬಾರದಲ್ಲ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇದಕ್ಕಾಗಿಯೇ ಇಷ್ಟು ಸುತ್ತಿ ಬಂದೆ.

ಆ ದಶಕದ ನಡುವೆ, ತುಮಕೂರು ರಸ್ತೆಯಲ್ಲಿ ಮಾಕಳಿಯಿಂದ ಸ್ವಲ್ಪ ಒಳಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರಿನ ಕೆಲಸ ಬಂತು. ಊರಿನ ಹೆಸರು ಬೇಡ. ಒಂದು ರಸ್ತೆ ಅಲ್ಲಿ ಹಾದು ಹೋಗಬೇಕಿತ್ತು, ಒಂದು ಸಾಲಿನ ಮನೆಗಳು ಹೋಗುವುದಿತ್ತು. ಆ ಮನೆಗಳ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಯ ವರದಿ ನಾವು ಕೊಡಬೇಕು. ವರದಿಯ ಕೊನೆಯಲ್ಲಿ ಕುಟುಂಬಗಳ ಪಟ್ಟಿ. ಪಟ್ಟಿಯಲ್ಲಿರುವ ಪ್ರತಿ ಕುಟುಂಬಕ್ಕೂ ಬೇರೆ ಕಡೆ ಒಂದು ನಿವೇಶನ. ನಾವು ವರದಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದೆವು. ಪಟ್ಟಿ ನಮಗೆ ಬರಿಯ ಅನುಬಂಧ. ಊರಿನವರಿಗೆ ಪಟ್ಟಿಯೇ ಎಲ್ಲ.

ನಾನು ಶಾಲೆಯ ಜಗಲಿಯಲ್ಲಿ ಕೂತು ಫಾರಂಗಳನ್ನು ನೋಡುತ್ತಿದ್ದೆ. ಕೊನೆಯ ದಿನ. ಮರುದಿನ ನಮ್ಮ ಜೀಪು ಬೇರೆ ಕೆಲಸಕ್ಕೆ ಹೋಗಬೇಕಿತ್ತು. ಮಧ್ಯಾಹ್ನ ನಾಗರಾಜು ಎರಡು ಫಾರಂ ಹಿಡಿದು ಬಂದ.

“ಮೇಡಂ, ಈ ಮನೆ ಇವತ್ತು ಬೇಡ. ಸಾವಾಗಿದೆ.”

“ಯಾವಾಗ?”

“ಐದು ದಿನ ಆಯ್ತಂತೆ. ಹನುಮಕ್ಕ ಅಂತ, ಅವ್ರ ಗಂಡ. ಅವ್ರೂ ಮಗಳೂ ಅಷ್ಟೇ ಈಗ. ಗೋಡೆಯಾಚೆ ಮೈದುನ ರೇವಣ್ಣನ ಸಂಸಾರ. ಭಾಗ ಆಗಿದೆ. ನಾನು ಎರಡು ಫಾರಂ ಮಾಡಿದ್ದೀನಿ. ಆದ್ರೆ ಹನುಮಕ್ಕನ ಮನೇಲಿ ಒಲೆ ಹಚ್ಚಿಲ್ಲ.”

ಹೆಣ ಎದ್ದ ಮನೆಯಲ್ಲಿ ಹನ್ನೊಂದನೆಯ ದಿನದ ತಿಥಿ ಆಗುವ ತನಕ ಒಲೆ ಹಚ್ಚುವುದಿಲ್ಲ ಎಂಬುದು ಆ ಕೇರಿಯ ರೂಢಿ. ಅಲ್ಲಿಯವರೆಗೆ ಹತ್ತಿರದವರ ಮನೆಯಿಂದ ಊಟ. ಇಲ್ಲಿ ಹತ್ತಿರದವರು ಎಂದರೆ ಗೋಡೆಯಾಚೆಯ ರೇವಣ್ಣನ ಹೆಂಡತಿ.

ನಾನೇ ಎದ್ದು ಹೋದೆ. ಎರಡು ಬಾಗಿಲಿನ ಮನೆ. ಒಳಗೆ ಹನುಮಕ್ಕ ಗೋಡೆಗೊರಗಿ ಕೂತಿದ್ದರು, ಮಗಳು ಪಕ್ಕದಲ್ಲಿ. ಮೂಲೆಯಲ್ಲಿ ಸಾರಿಸಿ ಬಿಟ್ಟ ಒಲೆ. ನಾನು ಕೇಳಿದ್ದಕ್ಕೆ ಬಾಗಿಲಲ್ಲಿ ನಿಂತಿದ್ದ ರೇವಣ್ಣ ಉತ್ತರ ಕೊಟ್ಟರು. “ಎಲ್ಲಾ ಒಂದೇ ಮನೆ ಮೇಡಂ ನಮ್ದು. ಅಣ್ಣ ಓದ್ಮೇಲೆ ಅತ್ತಿಗೆನ ಬುಟ್ಟಾಕ್ತೀವಾ?” ದುಃಖದಲ್ಲಿ ಆಡಿದ ಮಾತೋ, ಲೆಕ್ಕ ಹಾಕಿ ಆಡಿದ್ದೋ, ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಹನುಮಕ್ಕ ತಲೆ ಎತ್ತಲಿಲ್ಲ. ಗಂಡ ಸತ್ತು ಐದನೆಯ ದಿನ, ಊಟ ಕೊಡುತ್ತಿರುವ ಮೈದುನನ ಮಾತಿಗೆ ಎದುರಾಡುವ ಹೆಂಗಸನ್ನು ನಾನು ಎಲ್ಲಿಯೂ ನೋಡಿಲ್ಲ. ಆದರೂ ಅವರು ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ.

ಜಗಲಿಗೆ ವಾಪಸ್ ಬಂದು ಕೆಂಪು ಪೆನ್ನು ತೆಗೆದೆ.

“ಮೇಡಂ, ತಿಥಿ ಆದ್ಮೇಲೆ ಒಂದ್ಸಲ ಬಂದು ನೋಡೋಣ. ಆರು ದಿನ ಅಷ್ಟೇ.”

“ಸಮೀಕ್ಷೆಯ ದಿನ ಹೇಗಿದೆಯೋ ಹಾಗೆ ಬರೀಬೇಕು ನಾಗರಾಜು. ಆರು ದಿನ ಆದ್ಮೇಲೆ ಹೇಗಿರುತ್ತೆ ಅಂತ ಅಲ್ಲ.”

“ಹಾಗಾದ್ರೆ ಊರಿಗೆ ಹೋಗಿರೋರ ಮನೆಗೆ ಬೀಗ ಇದ್ರೆ, ಇಲ್ಲಿ ಮನೇನೇ ಇಲ್ಲ ಅಂತ ಬರೀತೀರಾ?”

“ಬೀಗಕ್ಕೆ ಕೋಡ್ ಇದೆ.”

“ಸಾವಿಗಿಲ್ವಾ?”

“ಇಲ್ಲ.”

ಹನುಮಕ್ಕನ ಫಾರಂನ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಹೀಗಿತ್ತು: ‘ಸಾವಾಗಿ ಐದು ದಿನ. ಒಲೆ ಹಚ್ಚಿಲ್ಲ. ಮೊದಲಿನಿಂದ ಬೇರೆ ಅಡುಗೆ. ತಿಥಿಯ ನಂತರ ಮತ್ತೆ ನೋಡಬೇಕು.’ ಅದರ ಮೇಲೆ ಗೆರೆ ಎಳೆದೆ. ಫಾರಂಗೆ ಅಡ್ಡ ಗೆರೆ ಎಳೆದು ‘ರದ್ದು’ ಎಂದು ಬರೆದು ಸಹಿ ಹಾಕಿದೆ. ಹನುಮಕ್ಕನನ್ನೂ ಮಗಳನ್ನೂ ರೇವಣ್ಣನ ಫಾರಂಗೆ ಸೇರಿಸಿ, ಯಜಮಾನರೊಂದಿಗಿನ ಸಂಬಂಧದ ಚೌಕದಲ್ಲಿ ‘ಇತರ ಸಂಬಂಧಿ’ ಎಂಬ ಕೋಡ್ ಹಾಕಿದೆ. ಆ ದಿನದ ದಿನಚರಿಯಲ್ಲಿ ಈ ಮನೆಯ ಬಗ್ಗೆ ಒಂದಕ್ಷರವೂ ಇಲ್ಲ. ‘ಬಿಸಿಲು ವಿಪರೀತ. ಊರು ಮುಗಿಯಿತು’ ಎಂದಷ್ಟೇ ಇದೆ.

ಕೆಲವು ತಿಂಗಳು ಕಳೆದ ಮೇಲೆ ಹನುಮಕ್ಕ ನಮ್ಮ ಕಚೇರಿಗೆ ಬಂದರು. ಎರಡು ಬಸ್ಸು ಬದಲಿಸಿ, ವಿಳಾಸ ಕೇಳಿಕೊಂಡು ಬಂದಿದ್ದರು. ನಾನು ಹೊರಗಿನ ಬೆಂಚಿನ ಹತ್ತಿರ ಹೋದಾಗ ಎದ್ದು ನಿಂತರು.

“ನೀವೇ ಅಲ್ವ್ರಾ, ಕೆಂಪು ಪೆನ್ನಿನ ಮೇಡಮ್ಮೋರು? ಪಂಚಾಯ್ತಿ ಗೋಡೆ ಮ್ಯಾಲೆ ಪಟ್ಟಿ ಅಂಟ್ಸವ್ರೆ. ರೇವಣ್ಣನ ಎಸ್ರು ಐತೆ. ನಂದಿಲ್ಲ. ಏನ್ ಮಾಡುದ್ರಿ ನನ್ನ?”

“ಅವರ ಮನೆಯ ಲೆಕ್ಕದಲ್ಲಿ ನೀವೂ ಇದ್ದೀರಿ ಹನುಮಕ್ಕ.”

“ಅವರ್ ಮನೆ ಲೆಕ್ಕ್ದಾಗೆ ನಾನ್ಯಾಕಿರ್ಲಿ? ಭಾಗ ಆಗಿ ಒಂಬತ್ತ್ ವರ್ಸ ಆಯ್ತು. ಒಂದ್ ಚಿಟಿಕೆ ಉಪ್ಪು ಇಸ್ಕಂಡಿಲ್ಲ ನಾನು ಆ ಮನೇಲಿ.”

“ಅವತ್ತು ನಿಮ್ಮ ಮನೇಲಿ ಒಲೆ...”

“ಅಚ್ಚಂಗಿಲ್ಲ ಕಣಮ್ಮ ಅವತ್ತು! ಗಂಡ ಸತ್ತು ಐದ್ ದಿನ. ಯಾರ್ ಅಚ್ತಾರೆ? ನಿಮ್ಮನೇಲಿ ಅಚ್ತೀರಾ?”

ನಮ್ಮ ಮನೆಯಲ್ಲೂ ಹಚ್ಚಿರಲಿಲ್ಲ. ಅಪ್ಪ ತೀರಿಕೊಂಡಾಗ ಕ್ವಾರ್ಟರ್ಸಿನ ಪಕ್ಕದ ಮನೆಯವರು ಹುಳಿಯನ್ನ ತಂದುಕೊಟ್ಟದ್ದನ್ನು ನಾನು ಉಂಡಿದ್ದೆ. ಅಂದರೆ ಆ ಒಲೆ ಯಾಕೆ ತಣ್ಣಗಿತ್ತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹಾಕಲು ಚೌಕ ಇರಲಿಲ್ಲ ಎಂಬುದಷ್ಟೇ ನನ್ನ ಸಮರ್ಥನೆ.

ಅವರ ಕೈಯಲ್ಲಿ ಬೇರೆ ಆಧಾರವೇನೂ ಇರಲಿಲ್ಲ. ಭಾಗ ಆದದ್ದು ಬಾಯಿಮಾತಿನಲ್ಲಿ. ರೇಷನ್ ಕಾರ್ಡು ಮಾವನ ಕಾಲದ್ದು, ಎಲ್ಲರೂ ಅದರಲ್ಲೇ. ಕರೆಂಟು ರೇವಣ್ಣನ ಕಡೆಯಿಂದ ಎಳೆದದ್ದು. ಆ ಮನೆ ಬೇರೆ ಎಂದು ಬರೆದಿದ್ದ ಕಾಗದ ಲೋಕದಲ್ಲಿ ಒಂದೇ ಒಂದು. ನಾನು ರದ್ದು ಮಾಡಿದ ಫಾರಂ. ಆಕ್ಷೇಪಣೆ ಕೇಳಲು ಒಂದು ದಿನ ಗೊತ್ತು ಮಾಡಿದ್ದರು. ಅವತ್ತು ಆ ಕಾಗದ ತೋರಿಸಿದರೆ ಹನುಮಕ್ಕನಿಗೂ ಮಗಳಿಗೂ ಒಂದು ನಿವೇಶನ ಸಿಗುತ್ತಿತ್ತು. ಇಲ್ಲದಿದ್ದರೆ ಇಲ್ಲ.

ಪ್ರೊಫೆಸರ್ ಹತ್ತಿರ ಹೋದೆ. ಅವರು ಪೂರ್ತಿ ಕೇಳಿದರು.

“ನಿಮಗೆ ಬೇಜಾರಾಗಿದೆ, ಅರ್ಥ ಆಗುತ್ತೆ ವಸಂತಾ. ಆದ್ರೆ ಡೇಟಾ ಫ್ರೀಜ್ ಆಗಿದೆ. ಒಂದು ಮನೆ ಹೆಚ್ಚಾದ್ರೆ ಸರಾಸರಿ ಕುಟುಂಬದ ಗಾತ್ರ ಬದಲಾಗುತ್ತೆ, ಎಲ್ಲಾ ಟೇಬಲ್ ಬದಲಾಗುತ್ತೆ.”

“ಟೇಬಲ್ ಬೇಡ ಸರ್. ಆ ಒಂದು ಫಾರಂ ಕೊಟ್ರೆ ಸಾಕು.”

“ಮೂಲ ಫಾರಂ ಹೊರಗೆ ಕೊಡೋ ಹಾಗಿಲ್ಲ. ಮಾಹಿತಿ ಗೌಪ್ಯವಾಗಿಡ್ತೀವಿ ಅಂತ ಮಾತು ಕೊಟ್ಟಿದ್ದೀವಿ.”

“ಯಾರಿಗೆ ಸರ್ ಮಾತು ಕೊಟ್ಟಿದ್ದು? ಅವರಿಗೇ ಅಲ್ವಾ?”

ಈ ಕೊನೆಯ ಮಾತನ್ನು ನಾನು ಜೋರಾಗಿ ಹೇಳಿದೆ ಎಂದು ನೆನಪು. ಹೇಳಬೇಕೆಂದುಕೊಂಡು ಹೇಳದೆ ಬಂದೆನೋ ಏನೋ. ದಿನಚರಿಯಲ್ಲಿ ಇಲ್ಲ. ಅವರು ಬಾಗಿಲವರೆಗೆ ಬಂದು, “ನಿಮ್ಮ ಕಾಂಟ್ರಾಕ್ಟ್ ವಿಷಯ ಮುಂದಿನ ವಾರ ಕಮಿಟಿಯಲ್ಲಿದೆ. ನಾನು ಹೇಳ್ತೀನಿ ಬಿಡಿ” ಎಂದದ್ದು ಮಾತ್ರ ಅಲ್ಲಿದೆ.

ಆದರೂ ನಾನು ಉಗ್ರಾಣಕ್ಕೆ ಹೋದೆ. ಗೋಣಿಚೀಲಗಳಲ್ಲಿ ಕಟ್ಟಿಟ್ಟಿದ್ದ ಫಾರಂಗಳಲ್ಲಿ ಅದನ್ನು ಹುಡುಕಿದೆ. ಕೆಂಪು ಗೆರೆಯ ಕೆಳಗೆ ಪೆನ್ಸಿಲ್ ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಜೆರಾಕ್ಸ್ ಮಾಡಿಸಿ ಚೀಲದಲ್ಲಿಟ್ಟುಕೊಂಡೆ. ಹನುಮಕ್ಕನಿಗೆ ಪಂಚಾಯ್ತಿಯ ಫೋನಿನಲ್ಲಿ, “ನಾನೇ ಬರ್ತೀನಿ, ಹೆದರಬೇಡಿ” ಎಂದು ಹೇಳಿದೆ.

ವಿಚಾರಣೆಯ ದಿನ ನಾನು ಹೋದೆ. ಉದ್ದನೆಯ ಮೇಜು, ಮೇಜಿನಾಚೆ ಅಧಿಕಾರಿ, ಗೋಡೆಯಲ್ಲಿ ನಿಂತು ಹೋಗಿದ್ದ ಗಡಿಯಾರ. ಜೆರಾಕ್ಸ್ ಪ್ರತಿ ಮುಂದಿಟ್ಟೆ. ಅವರು ‘ರದ್ದು’ ಎಂಬುದನ್ನು ತೋರಿಸಿ, “ನೀವೇ ರದ್ದು ಮಾಡಿದ್ದೀರಲ್ಲ ಮೇಡಂ” ಎಂದರು. ಪೆನ್ಸಿಲ್ಲಿನ ಬರಹವನ್ನು ಓದಲು ಒಪ್ಪಲಿಲ್ಲ. ಹನುಮಕ್ಕನ ಜೊತೆ ನಾನೂ ತಲೆ ತಗ್ಗಿಸಿ ಹೊರಗೆ ಬಂದೆ. ಇದು ನನ್ನ ನೆನಪಿನಲ್ಲಿರುವುದು.

ವರ್ಷಗಳು ಕಳೆದವು. ನಾಗರಾಜು ಆ ಊರಿನ ಕೆಲಸ ಮುಗಿದ ಹಿಂದೆಯೇ ಸಂಸ್ಥೆ ಬಿಟ್ಟು ಹೋಗಿದ್ದ. ಊರಿನ ಮನೆಯ ಮೇಲೆ ಮಹಡಿ ಕಟ್ಟಿಸಿ ಪಿ.ಜಿ. ನಡೆಸುತ್ತಾನೆಂದು ಕೇಳಿದೆ. ಪ್ರೊಫೆಸರ್ ನಿವೃತ್ತರಾದರು. ಫಾರಂ ಹೋಗಿ ಟ್ಯಾಬ್ ಬಂತು. ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳ ಸಮೀಕ್ಷೆಗೆ ಹುಡುಗರನ್ನು ತಯಾರು ಮಾಡಲು ಬ್ರೂಕ್‌ಫೀಲ್ಡಿನ ಒಂದು ಸಭಾಂಗಣದಲ್ಲಿ ನಾನು ತರಬೇತಿ ಕೊಡುತ್ತಿದ್ದೆ. ಅಲ್ಲಿನ ಕಷ್ಟ ಬೇರೆ. ಗೇಟಿನ ಸೆಕ್ಯೂರಿಟಿ ಒಳಗೆ ಬಿಟ್ಟವರೇ ನಮ್ಮ ಸ್ಯಾಂಪಲ್. ಬಾಗಿಲು ತೆರೆಯದವರ ಬದಲಿಗೆ ತೆರೆದವರು. ಟ್ಯಾಬ್ ಒಂದು ಚೌಕ ತುಂಬದೆ ಮುಂದಿನ ಪ್ರಶ್ನೆಗೆ ಬಿಡುವುದಿಲ್ಲ. ಉತ್ತರ ಇಲ್ಲದಿದ್ದರೂ ಹುಡುಗರು ಏನಾದರೊಂದು ಒತ್ತಿ ಮುಂದೆ ಹೋಗುತ್ತಾರೆ. ರಾತ್ರಿಯೊಳಗೆ ಪರದೆಯ ಮೇಲೆ ಚಂದದ ಬಣ್ಣದ ಪಟ್ಟಿಗಳು. ಖಾಲಿ ಜಾಗ ಒಂದೂ ಇಲ್ಲ.

ಒಬ್ಬಳು ಹುಡುಗಿ ಕೈ ಎತ್ತಿದಳು. “ಮೇಡಂ, ಆಪ್ಷನ್‌ಗೆ ಸೇರದೇ ಇರೋದನ್ನ ಏನಾದ್ರೂ ಹೇಳಿದ್ರೆ ಎಲ್ಲಿ ಟೈಪ್ ಮಾಡ್ಬೇಕು?”

“ಎಲ್ಲೂ ಇಲ್ಲಮ್ಮ.”

“ಮತ್ತೆ?”

ಆಗ ಹನುಮಕ್ಕನ ಕಥೆ ಹೇಳಿದೆ. ಕೆಂಪು ಗೆರೆ ನನ್ನದು ಎಂದೇ ಹೇಳಿದೆ. ವಿಚಾರಣೆಗೆ ಹೋಗಿ ಜಗಳವಾಡಿದ್ದನ್ನೂ, ಅಧಿಕಾರಿ ಕೇಳದೆ ಹೋದದ್ದನ್ನೂ, ನಿಂತ ಗಡಿಯಾರವನ್ನೂ ಹೇಳಿದೆ. ಆ ಹುಡುಗಿಯ ಕಣ್ಣು ತುಂಬಿತು. ಅದಾದ ಮೇಲೆ ಪ್ರತಿ ತರಬೇತಿಯಲ್ಲೂ ಹೇಳುತ್ತಾ ಬಂದೆ. ತಪ್ಪು ಮಾಡಿ ತಿದ್ದಲು ಹೋದ ಹೆಂಗಸು ನಾನು. ಹೇಳುತ್ತಾ ಹೇಳುತ್ತಾ ಗಡಿಯಾರದಲ್ಲಿ ಎಷ್ಟು ಗಂಟೆ ಆಗಿತ್ತು ಎಂಬುದೂ ನೆನಪಾಗತೊಡಗಿತ್ತು.

ನಿವೃತ್ತಿಯ ನಂತರ, ಈ ಬರಹಕ್ಕೆಂದು ಹಳೆಯ ಡೈರಿಗಳನ್ನು ತೆಗೆದೆ. ವಿಚಾರಣೆಯ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಎರಡು ಸಾಲು: ‘ತಲೆನೋವು. ಎಲ್ಲಿಗೂ ಹೋಗಲಿಲ್ಲ. ಸಂಜೆ ಕಡಿಮೆಯಾಯಿತು.’ ಪುಟದ ನಡುವೆ ಮಡಿಸಿಟ್ಟ ಜೆರಾಕ್ಸ್ ಪ್ರತಿ. ಮಡಿಕೆ ಗಟ್ಟಿಯಾಗಿತ್ತು. ಒಮ್ಮೆಯೂ ಬಿಚ್ಚಿದ ಗುರುತಿರಲಿಲ್ಲ.

ತಾರೀಖು ತಪ್ಪಿರಬಹುದು ಎಂದುಕೊಂಡೆ. ಹಿಂದಿನ ಮುಂದಿನ ಪುಟಗಳನ್ನು ಓದಿದೆ. ನಾಗರಾಜುವಿನ ನಂಬರ್ ಹುಡುಕಿ ಫೋನ್ ಮಾಡಿದೆ. ಗುರುತು ಹಿಡಿದ, ಆರೋಗ್ಯ ವಿಚಾರಿಸಿದ. ನಾನು ನೇರ ಕೇಳಿದೆ.

“ನೀವೆಲ್ಲಿ ಬಂದ್ರಿ ಮೇಡಂ? ನಾನೂ ಹನುಮಕ್ಕನೂ ಇಬ್ರೇ ಹೋಗಿದ್ದು. ಕೆಲಸ ಬಿಟ್ಟಿದ್ದೆ ಆಗ, ಯಾರ ಭಯ ನನಗೆ. ನಾನೇ ಬರೆದಿದ್ದು ಸಾರ್ ಅಂದೆ. ಪೇಪರ್ ಎಲ್ಲಿ ಅಂದ್ರು. ಮೇಡಂ ತರ್ತಾರೆ ಅಂದ್ವಿ. ಕಾದ್ವಿ. ಊಟದ ಹೊತ್ತು ದಾಟಿ ಹೋಯ್ತು, ಅವ್ರು ಎದ್ದು ಹೋದ್ರು.”

“ಗೋಡೆಯಲ್ಲಿ ಗಡಿಯಾರ ನಿಂತಿತ್ತಲ್ವಾ ನಾಗರಾಜು?”

“ಗಡಿಯಾರನಾ? ಶಾಮಿಯಾನ ಹಾಕಿದ್ರು ಮೇಡಂ, ಬಯಲಲ್ಲಿ. ಗೋಡೆ ಎಲ್ಲಿತ್ತು?”

ನಾನು ಡೈರಿ ಮುಚ್ಚಿದೆ. ಅವನು, “ಹಳೇದು ಬಿಡಿ ಮೇಡಂ. ನಿಮಗೆ ಅವತ್ತು ಹುಷಾರಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು” ಎಂದ. ಅದು ಇನ್ನೂ ಕಷ್ಟವಾಯಿತು.

ಜನರ ಉತ್ತರ ನಂಬಬಾರದು, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿ ತಾಳೆ ನೋಡಬೇಕು ಎಂದು ಪಾಠ ಮಾಡಿದವಳು ನಾನು. ನನ್ನನ್ನು ನಾನು ಒಮ್ಮೆಯೂ ತಾಳೆ ನೋಡಿರಲಿಲ್ಲ. ತಲೆನೋವು ಇತ್ತೋ, ಕಮಿಟಿಯ ಭಯವೋ, ‘ರದ್ದು’ ಕೆಳಗಿನ ನನ್ನ ಸಹಿ ನಾಲ್ಕು ಜನರ ಮುಂದೆ ಬರುವುದು ಬೇಡವಾಗಿತ್ತೋ? ಗೊತ್ತಿಲ್ಲ. ಒಂದನ್ನು ಆರಿಸಿ ಗುರುತು ಹಾಕಿ ಮುಂದೆ ಹೋಗಬಹುದು. ಹಾಗೆ ಮಾಡಲು ಈಗ ಮನಸ್ಸು ಬರುವುದಿಲ್ಲ.

ಕಳೆದ ತಿಂಗಳು ಜೆರಾಕ್ಸ್ ಪ್ರತಿ ಹಿಡಿದು, ಊರಿನವರಿಗೆ ನಿವೇಶನ ಕೊಟ್ಟ ಬಡಾವಣೆಗೆ ಹೋದೆ. ರಸ್ತೆ ಆಗಿದೆ. ಊರಿನ ಆ ಸಾಲು ಇಲ್ಲ. ಬಡಾವಣೆಯಲ್ಲಿ ರೇವಣ್ಣನ ಮನೆ ಎಂದು ಕೇಳಿದರೆ ತೋರಿಸಿದರು. ಸಿಮೆಂಟಿನ ಎರಡು ಕೋಣೆಯ ಮನೆ, ಮುಂದೆ ತಗಡಿನ ಇಳಿಜಾರು. ಅದರಡಿಯಲ್ಲಿ ಹನುಮಕ್ಕ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗಳ ಮದುವೆಯಾಗಿ ಅವಳು ನೆಲಮಂಗಲದ ಕಡೆ ಇದ್ದಾಳಂತೆ. ಮನೆ ಕೆಡವಿದ ದಿನದಿಂದ ಇವರು ಇಲ್ಲಿಯೇ.

ನಾನು ಯಾರೆಂದು ಹೇಳಿದೆ. “ಗೊತ್ತಾಯ್ತು ಬುಡಿ” ಎಂದರು. ಕೈ ನಿಲ್ಲಲಿಲ್ಲ.

“ಹನುಮಕ್ಕ, ಅವತ್ತು ನಾನು ಬರ್ತೀನಿ ಅಂದಿದ್ದೆ. ಬರ್ಲಿಲ್ಲ.”

“ಊಂ. ಬರ್ನಿಲ್ಲ. ನಾಗರಾಜಣ್ಣ ಬಂದಿದ್ರು.”

“ತಲೆನೋವು ಅಂತ ಬರೆದಿಟ್ಟಿದ್ದೀನಿ.”

“ಇದ್ದಿರ್ಬೈದು.”

ಜೆರಾಕ್ಸ್ ಕೊಟ್ಟೆ. ದೂರ ಹಿಡಿದು ನೋಡಿದರು. ತಮ್ಮ ಹೆಸರನ್ನು, ಗಂಡನ ಹೆಸರಿನ ಮುಂದಿನ ‘ದಿವಂಗತ’ವನ್ನು ಬೆರಳಿಟ್ಟು ಓದಿದರು. ಪೆನ್ಸಿಲ್ ಸಾಲಿಗೆ ಬಂದಾಗ ನಿಧಾನವಾಯಿತು. “ಎಲ್ಲಾ ಸರ್ಯಾಗೇ ಬರ್ದವ್ರೆ” ಎಂದು ಮಡಿಸಿ ನನಗೇ ವಾಪಸ್ ಕೊಟ್ಟರು. “ಇಟ್ಕಳಿ. ನಾನ್ ಎಲ್ ಇಡ್ಲಿ? ಈಗ ಎಣ್ಸಾಕ್ ಬಂದ್ರೂವೆ ಒಂದೇ ಮನೆ ಅಂತ್ಲೇ ಬರ್ಕಬೇಕು. ಸುಳ್ಳಾಗಾಕಿಲ್ಲ.”

ನಿಜ. ಕೈಪಿಡಿಯ ಪ್ರಕಾರ ಈಗ ಅವರದು ಒಂದೇ ಕುಟುಂಬ. ನಮ್ಮ ಪಟ್ಟಿ, ನಮ್ಮ ಕೋಷ್ಟಕಗಳು, ಪ್ರೊಫೆಸರ್ ಅಷ್ಟು ಜೋಪಾನ ಮಾಡಿದ ಸರಾಸರಿ, ಎಲ್ಲ ಈಗ ಸರಿ. ಯಾರು ಬಂದು ಪರಿಶೀಲಿಸಿದರೂ ತಪ್ಪು ಸಿಗುವುದಿಲ್ಲ.

ಹೊರಡಲು ಎದ್ದೆ. ಹನುಮಕ್ಕ ಮೊರ ಪಕ್ಕಕ್ಕಿಟ್ಟು ತಾವೂ ಎದ್ದರು. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಅದರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಇಷ್ಟ್ ದೂರ ಬಂದಿದ್ದೀರ. ಒಂದ್ ಲೋಟ ಕಾಪಿ ಕೊಡ್ಬೇಕಿತ್ತು. ರೇವಣ್ಣನ ಎಂಡ್ರು ಮಲ್ಗವ್ಳೆ. ಅವ್ಳು ಏಳೋಗಂಟ ನಾನ್ ಅಡ್ಗೆಮನೆಗ್ ಓಗಂಗಿಲ್ಲ.”

“ಬೇಡ ಹನುಮಕ್ಕ, ಕುಡಿದೇ ಬಂದೆ” ಎಂದೆ.

ಕುಡಿದಿರಲಿಲ್ಲ.